ಉನೈಸಿ ಊಟಕ್ಕೆ ಕರೆದರೆ

ವುನಿತೋವು ಊರಿನ ಉನೈಸಿಗೆ ಒಂದು ಚಾಳಿಯಿತ್ತು. ಚರ್ಚಿನಲ್ಲಿ ಕೇಳಿದ್ದನ್ನು ಅವಳು ಮನೆಗೆ ಹೊತ್ತುಕೊಂಡು ಹೋಗುತ್ತಿದ್ದಳು. ಉಳಿದ ನಾವೆಲ್ಲ ಭಾನುವಾರದ ಬೋಧನೆಯನ್ನು ಬಾಗಿಲ ಹೊರಗೆ ಚಪ್ಪಲಿ ಮೆಟ್ಟುವಷ್ಟರಲ್ಲಿ ಮರೆತು ಹೊರಡುವವರು. ಅದರಲ್ಲಿ ತಪ್ಪೇನೂ ಇಲ್ಲ ಅನ್ನಿ, ಮನೆಯ ಹಿಂದೆ ನೆಲದೊಲೆಯಲ್ಲಿ ಮೀನು, ಗೆಡ್ಡೆ ಬೇಯುತ್ತಿರುವಾಗ ಯಾರ ತಲೆಯಲ್ಲಿ ತಾನೆ ಏನು ನಿಂತೀತು. ಉನೈಸಿಯ ತಲೆಯಲ್ಲಿ ಮಾತ್ರ ನಿಲ್ಲುತ್ತಿತ್ತು.

ಚಿಕ್ಕವಳಿದ್ದಾಗಲೇ ಹೀಗೆ. ಭಾನುವಾರದ ಶಾಲೆಯಲ್ಲಿ ನೋಹನ ಹಡಗಿನ ಕಥೆ ಹೇಳುತ್ತಿದ್ದಾಗ, ಮೀನುಗಳನ್ನೂ ಹಡಗಿಗೆ ಹತ್ತಿಸಿಕೊಂಡರಾ ಅಥವಾ ಅವು ಪಾಪ ಮಾಡಿರಲಿಲ್ಲವಾ ಎಂದು ಕೇಳಿದ್ದಳು. ತೂಕಡಿಸುವವರನ್ನು ಎಬ್ಬಿಸಲು ಇಟ್ಟಿದ್ದ ಉದ್ದನೆಯ ಕೋಲಿನಿಂದ, ಪೂರ್ತಿ ಎಚ್ಚರವಿದ್ದ ಅವಳ ತಲೆಗೆ ಕುಟ್ಟಿದ್ದರು. ಮದುವೆಯಾದ ಮೇಲೆ ಗಂಡ ವೈಸಾಲೆ ಅವಳ ಪ್ರಶ್ನೆಗಳಿಗೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ, ಒಂದಕ್ಕೂ ಉತ್ತರ ಕೊಡುತ್ತಿರಲಿಲ್ಲ. ಅವನು ತೀರಿಕೊಂಡ ಮೇಲೆ ಉನೈಸಿ ಮುಂಡುಗದ ಎಲೆ ಸೀಳಿ ಚಾಪೆ ಹೆಣೆಯುತ್ತ ದಿನ ಕಳೆಯುತ್ತಿದ್ದಳು. ಕಂಡಾವು ದ್ವೀಪದ ಈ ಕಡೆಯಲ್ಲಿ ಮದುವೆ ನಿಶ್ಚಯವಾದರೆ ಮೊದಲು ಚಾಪೆಗೆಂದು ಅವಳ ಮನೆಗೆ ಹೇಳಿಕಳಿಸುತ್ತಿದ್ದರು. ಕೈ ಹೆಣೆಯುತ್ತಿದ್ದರೆ ತಲೆಗೆ ಬೇರೆ ಕೆಲಸವಿಲ್ಲವಲ್ಲ, ಅದು ಪ್ರಶ್ನೆ ಹೆಣೆಯುತ್ತಿತ್ತು.

ಆ ವರ್ಷ ಊರಿಗೆ ಹೊಸ ಬೋಧಕ ಬಂದಿದ್ದ. ಫಿಲಿಮೋನೆ ಎಂದು ಹೆಸರು, ಮೀಸೆ ಇನ್ನೂ ಸರಿಯಾಗಿ ದಟ್ಟವಾಗದ ವಯಸ್ಸು. ಒಂದು ಭಾನುವಾರ ಅವನು ಮಾತಿನ ಬಗ್ಗೆ ಬೋಧಿಸಿದ. ಆಣೆ ಪ್ರಮಾಣ ಯಾವುದೂ ಬೇಡ, ಹೌದೆಂದರೆ ಹೌದಾಗಿರಲಿ, ಅಲ್ಲವೆಂದರೆ ಅಲ್ಲವಾಗಿರಲಿ ಎಂದು ಪ್ರಭು ಹೇಳಿದ್ದನ್ನು ವಿವರಿಸಿದ. ಎಲ್ಲರೂ ಆಮೆನ್ ಅಂದರು. ಸುಳ್ಳು ಅಂದರೆ ಪಕ್ಕದ ಊರಿನವರು ಹೇಳುವುದು ಎಂದು ನಾವೆಲ್ಲ ನಂಬಿದ್ದರಿಂದ ಯಾರಿಗೂ ಏನೂ ಚುಚ್ಚಲಿಲ್ಲ.

ಸೋಮವಾರ ಚಾಪೆಯ ಮುಂದೆ ಕುಳಿತ ಉನೈಸಿ ತಾನು ದಿನಕ್ಕೆ ಎಷ್ಟು ಸುಳ್ಳು ಹೇಳುತ್ತೇನೆ ಎಂದು ಹುಡುಕತೊಡಗಿದಳು. ಮೊದಮೊದಲು ಒಂದೂ ಸಿಗಲಿಲ್ಲ, ಖುಷಿಯಾಯಿತು. ಸಂಜೆ ಬಾಗಿಲ ಬಳಿ ತಟ್ಟೆ ಇಟ್ಟುಕೊಂಡು ಕುಳಿತಾಗ ದಾರಿಯಲ್ಲಿ ಬೋಧಕನೇ ಹೋಗುತ್ತಿದ್ದ. "ಬನ್ನಿ ಅಯ್ಯನೋರೇ, ಊಟ ಮಾಡಿ" ಎಂದು ಕೂಗಿದಳು. "ನೀವು ಮಾಡಿ ಅಮ್ಮ, ನಮ್ದಾಯ್ತು" ಎಂದು ಅವನು ಹೋದ. ತುತ್ತು ಬಾಯಿಗಿಡುತ್ತಿದ್ದ ಉನೈಸಿಯ ಕೈ ಅಲ್ಲೇ ನಿಂತಿತು.

ನಮ್ಮಲ್ಲಿ ಬಾಗಿಲು ಹಾಕಿಕೊಂಡು ಯಾರೂ ಉಣ್ಣುವುದಿಲ್ಲ. ಉಣ್ಣುವಾಗ ದಾರಿಯಲ್ಲಿ ಯಾರು ಕಂಡರೂ ಕರೆಯಬೇಕು. ಕರೆಸಿಕೊಂಡವರು ಕಾಲು ನಿಲ್ಲಿಸದೆ, ಇತ್ತ ತಿರುಗಿಯೂ ನೋಡದೆ, ನಮ್ದಾಯ್ತು ಅನ್ನಬೇಕು. ಕರೆಯದಿದ್ದರೆ ಜಿಪುಣರು, ಕರೆದಾಗ ಬಂದೇಬಿಟ್ಟರೆ ಹೊಟ್ಟೆಬಾಕರು. ಅಜ್ಜ ಅಜ್ಜಿಯರ ಕಾಲದಿಂದ ಹೀಗೇ ನಡೆದುಬಂದಿದೆ, ಇದರಿಂದ ಯಾರಿಗೂ ಅಜೀರ್ಣವಾದದ್ದಿಲ್ಲ. ಈ ಹೆಂಗಸಿಗೆ ಆಯಿತು.

ಮರುದಿನ ಬೆಳಿಗ್ಗೆ ಬೋಧಕನ ಮನೆಗೇ ಹೋದಳು. ಫಿಲಿಮೋನೆ ದೀವಿಹಲಸಿನ ಮರದ ಕೆಳಗೆ ಎಲೆ ಗುಡಿಸುತ್ತಿದ್ದ.

"ಅಯ್ಯನೋರೇ, ಊಟಕ್ಕೆ ಬನ್ನಿ ಅಂತ ಕರೀತೀವಲ್ಲ, ಅದು ಸುಳ್ಳಾ?"

"ಅದು ಮರ್ಯಾದೆ ಅಲ್ವಾ ಅಮ್ಮ?"

"ಮರ್ಯಾದೆ ಹೌದು. ನಿಜಾನಾ ಅಂತ ಕೇಳಿದ್ದು."

ಫಿಲಿಮೋನೆ ಪೊರಕೆ ಊರಿಕೊಂಡು ನಿಂತ. "ಬಾಯಲ್ಲಿ ಏನು ಬಂತು ಅನ್ನೋದಕ್ಕಿಂತ ಮನಸ್ಸಲ್ಲಿ ಏನಿತ್ತು ಅಂತ ದೇವರು ನೋಡ್ತಾನೆ."

"ಅಲ್ಲೇ ಇರೋದು ತೊಂದರೆ. ಬಾಯಿ ಬನ್ನಿ ಅಂತಿರುತ್ತೆ, ಮನಸ್ಸು ಬರಬೇಡಿ ಬರಬೇಡಿ ಅಂತ ಬಡ್ಕೊಳ್ತಿರುತ್ತೆ. ನಿನ್ನೆ ನನ್ನ ತಟ್ಟೇಲಿ ಇದ್ದದ್ದು ಒಂದೇ ಮೀನು. ನಂಗೆ ತಲೆ ಭಾಗ ಅಂದ್ರೆ ಪ್ರಾಣ. ನೀವೆಲ್ಲಿ ಬಂದುಬಿಡ್ತೀರೋ ಅಂತ ಎದೆ ಹೊಡ್ಕೊಳ್ತಿತ್ತು."

ಬೋಧಕನಿಗೆ ನಗು ತಡೆಯಲಾಗಲಿಲ್ಲ. "ಬರಲಿಲ್ಲವಲ್ಲ. ನಮ್ದಾಯ್ತು ಅಂದೆ."

"ಆಗಿತ್ತಾ?"

ಅವನು ಗುಡಿಸಿದ ಜಾಗವನ್ನೇ ಇನ್ನೊಮ್ಮೆ ಗುಡಿಸಿದ. "ಇಲ್ಲ," ಅಂದ.

ಆಮೇಲೆ ಫಿಲಿಮೋನೆ, ನನಗೂ ಇದು ಹೊಳೆದಿರಲಿಲ್ಲ, ನಿಮಗೆ ಹಾಗೆ ಚುಚ್ಚಿದರೆ ಮನಸ್ಸು ಒಪ್ಪಿದಾಗ ಮಾತ್ರ ಕರೆಯಿರಿ, ಏನಾಗುತ್ತದೆ ನೋಡೋಣ ಅಂದ. ಏನಾಗುತ್ತದೆ ನೋಡೋಣ ಎಂಬ ಮಾತೊಂದು ಸಾಕಾಯಿತು ಉನೈಸಿಗೆ. ಹುಮ್ಮಸ್ಸಿನಲ್ಲಿ ಮನೆಗೆ ಬಂದಳು.

ಅವತ್ತು ಸಂಜೆಯಿಂದ ವುನಿತೋವಿನಲ್ಲಿ ಒಂದು ಬಾಗಿಲು ಮೂಕವಾಯಿತು. ಮಡಕೆಯಲ್ಲಿ ತನಗೆ ಸಾಕಾಗುವಷ್ಟೇ ಇದ್ದರೆ ಉನೈಸಿ ದಾರಿಯ ಕಡೆ ನೋಡಿ ನಕ್ಕು, ತನ್ನ ಪಾಡಿಗೆ ಉಣ್ಣುತ್ತಿದ್ದಳು. ಊರಿಗೆ ಊರೇ ಕಂಗಾಲು. ಮುದುಕ ಅಪಕುಕಿ ದಿನವೂ ಆ ಹೊತ್ತಿಗೆ ಸಮುದ್ರದ ದಂಡೆಗೆ ಹೋಗುವವನು. ಕರೆ ಬರದಿದ್ದಾಗ, ತಾನು ಕಣ್ಣಿಗೆ ಬಿದ್ದಿಲ್ಲವೇನೋ ಎಂದು ಗಂಟಲು ಸರಿಮಾಡಿಕೊಂಡು ವಾಪಸ್ ಬಂದು ಮತ್ತೆ ಹಾದುಹೋದ. ಆಗಲೂ ಕರೆ ಬರಲಿಲ್ಲ. ಅವನು ನೇರವಾಗಿ ಯಂಗೋನ ಬೇರಿನ ಪಾನೀಯ ಕುಡಿಯುವವರ ನಡುವೆ ಹೋಗಿ ಕುಳಿತು, ವೈಸಾಲೆಯ ಹೆಂಡತಿಗೆ ನನ್ನಿಂದ ಏನು ಅಪರಾಧವಾಯಿತೋ ಎಂದು ಎಲ್ಲರನ್ನೂ ಕೇಳಿದ.

ಪಕ್ಕದ ಮನೆ ತರೈವಿನಿಯದು. ಅವಳು ವೈಸಾಲೆಯ ತಂಗಿ, ಉನೈಸಿಗೆ ನಾದಿನಿ. ನಮ್ಮಲ್ಲಿ ಅತ್ತಿಗೆ ನಾದಿನಿಯರು ಒಬ್ಬರನ್ನೊಬ್ಬರು ಎಷ್ಟು ಬೇಕಾದರೂ ಆಡಿಕೊಳ್ಳಬಹುದು, ಕೋಪ ಮಾಡಿಕೊಳ್ಳುವಂತಿಲ್ಲ. ತರೈವಿನಿ ಆ ಹಕ್ಕನ್ನು ಒಂದು ದಿನವೂ ವ್ಯರ್ಥ ಮಾಡಿದವಳಲ್ಲ.

"ಏನತ್ತಿಗೆ, ನಾಲಿಗೆ ಗಾಳಕ್ಕೆ ಸಿಕ್ಕಿಹಾಕ್ಕೊಂಡಿದೆಯಾ? ನಮ್ಮಣ್ಣ ಇದ್ದಿದ್ರೆ ಈ ಮೌನ ನೋಡಿ ಇನ್ನೊಂದಿಷ್ಟು ವರ್ಷ ಬದುಕಿರ್ತಿದ್ದ ನೋಡು."

"ಬಾಯಿ ತೆಗೆದ್ರೆ ನಿಜಾನೇ ಹೇಳಬೇಕು ಅಂತ ಮಾಡ್ಕೊಂಡಿದ್ದೀನಿ ತರಾ."

"ಅಯ್ಯೋ ದೇವರೆ. ಹಾಗಾದ್ರೆ ನನ್ನ ಹೊಸ ಲಂಗ ಹೇಗಿದೆ ಅಂತ ಕೇಳೋಲ್ಲ ಬಿಡು."

"ಕೇಳಬೇಡ," ಅಂದಳು ಉನೈಸಿ. ಇಬ್ಬರೂ ಬಿದ್ದು ಬಿದ್ದು ನಕ್ಕರು.

ಕೆಲವು ದಿನ ಕಳೆದ ಮೇಲೆ ಯಾರೂ ಎಣಿಸಿರದ ಇನ್ನೊಂದು ಸಂಗತಿ ನಡೆಯಿತು. ಉನೈಸಿ ಕರೆದರೆ ಅದು ನಿಜವಾದ ಕರೆ ಎಂದು ಊರಿಗೆ ತಿಳಿಯಿತು. ಕರೆದ ದಿನ ಜನ ಬರತೊಡಗಿದರು. ಅಪಕುಕಿಯಂತೂ ಮೆಟ್ಟಿಲ ಮೇಲೆ ನಿಂತು, "ಊಟ ಆಗಿದೆಯಮ್ಮ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಮೀನು ಆಗಿಲ್ಲ," ಎಂದು ಒಳಗೆ ಬಂದು ಕುಳಿತ. ನಿಜ ಹೇಳುವುದು ಇಷ್ಟು ದುಬಾರಿಯಾದೀತು ಎಂದು ಉನೈಸಿ ಅಂದುಕೊಂಡಿರಲಿಲ್ಲ. ಆದರೂ ಅವಳಿಗೆ ಅದರಲ್ಲಿ ವಿಚಿತ್ರವಾದ ಸಂತೋಷವಿತ್ತು. ಬಂದವರು ಹಸಿವು, ಮಗಳ ಗಂಡನ ಮೇಲಿನ ಕೋಪ, ದೇವರ ಮೇಲಿನ ಅನುಮಾನ, ಏನಿದ್ದರೂ ಹಾಗೆಹಾಗೇ ಹೇಳಿಕೊಂಡು ಉಣ್ಣುತ್ತಿದ್ದರು. ತರೈವಿನಿ ಮಾತ್ರ ಒಂದು ದಿನವೂ ಬರಲಿಲ್ಲ. ಕರೆದಾಗೆಲ್ಲ ತನ್ನ ಬಾಗಿಲಿಂದಲೇ, "ನಮ್ದು ಹೊಟ್ಟೆ ಬಿರಿಯೋ ಹಾಗೆ ಆಯ್ತು ಅತ್ತಿಗೆ," ಅನ್ನುತ್ತಿದ್ದಳು. ಅತ್ತ ಅವಳ ಮನೆಯಿಂದಲೂ ಸಂಜೆಯಾದರೆ ತಟ್ಟೆ ಚಮಚದ ಸದ್ದು, ಬನ್ನಿ ಬನ್ನಿ ಎಂಬ ಗಟ್ಟಿ ದನಿ ಕೇಳಿಬರುತ್ತಿತ್ತು. ಊರಲ್ಲೇ ಅವಳಷ್ಟು ಬಾಯಿತುಂಬ ಕರೆಯುವವರು ಇರಲಿಲ್ಲ.

ಒಂದು ಗುರುವಾರ ಸಮುದ್ರ ಕೆರಳಿತ್ತು, ದೋಣಿಗಳು ಹೊರಡಲಿಲ್ಲ. ಉನೈಸಿಯ ಮನೆಯಲ್ಲಿದ್ದ ಮರಗೆಣಸು ಹಿಂದಿನ ದಿನದ ಅತಿಥಿಗಳಿಗೆ ಮುಗಿದಿತ್ತು. ಮದುವೆಯ ಚಾಪೆಯೊಂದನ್ನು ಮುಗಿಸುವ ಅವಸರದಲ್ಲಿ ಅವಳು ಇಡೀ ದಿನ ತೆಂಗಿನಕಾಯಿ ತಿಂದೇ ಕಳೆದಿದ್ದಳು. ಸಂಜೆ ಮುಂಡುಗದ ಎಲೆಯ ಹೊರೆ ಹೊತ್ತು ತರೈವಿನಿಯ ಮನೆಯ ಮುಂದೆ ಬರುತ್ತಿದ್ದಾಗ ಒಳಗಿಂದ ಕರೆ ಬಂತು.

"ಬಾ ಅತ್ತಿಗೆ, ಊಟ ಮಾಡೋಣ."

ಉನೈಸಿ ನಿಂತಳು. ಹಸಿವಾಗಿದೆ. ಕರೆದಿದ್ದಾಳೆ. ನಮ್ದಾಯ್ತು ಅಂದರೆ ಸುಳ್ಳಾಗುತ್ತದೆ. ಹಾಗಾದರೆ ಇರುವುದು ಒಂದೇ ಉತ್ತರ. ಹೀಗೆಂದು ಅವಳು ತನಗೆ ತಾನೇ ಹೇಳಿಕೊಂಡಳು, ಅದು ನಿಜವೂ ಹೌದು. ಆದರೆ ಅವಳ ಕಾಲನ್ನು ತಿರುಗಿಸಿದ್ದು ಬರೀ ಹಸಿವಲ್ಲ. ನಮ್ಮೂರಿನಲ್ಲಿ ಈ ಕರೆಗೆ ಒಮ್ಮೆಯಾದರೂ ಹೂಂ ಅಂದರೆ ಏನಾಗುತ್ತದೆ ನೋಡೋಣ ಎಂಬ ಕುತೂಹಲ ಅವಳನ್ನು ಎಳೆಯುತ್ತಿತ್ತು.

"ಬಂದೆ," ಅಂದಳು.

ಒಳಗಿನ ತಟ್ಟೆ ಚಮಚದ ಸದ್ದು ಫಕ್ಕನೆ ನಿಂತಿತು. ಉನೈಸಿ ಹೊರೆ ಇಳಿಸಿ, ತಲೆ ಬಗ್ಗಿಸಿ ಒಳಗೆ ಹೋದಳು. ನೆಲದ ಮೇಲೆ ಊಟಕ್ಕೆಂದು ಒಗೆದ ಬಟ್ಟೆ ಹಾಸಿತ್ತು. ಎರಡು ತಟ್ಟೆ, ಮುಚ್ಚಳ ಹಾಕಿದ ಒಂದು ಪಾತ್ರೆ. ತರೈವಿನಿಯ ಗಂಡ ಎರೋನಿ ನೋವಿನ ಕಾಲನ್ನು ಚಾಚಿ ಕುಳಿತಿದ್ದ, ಕೈಯಲ್ಲಿ ಚಮಚವಿತ್ತು. ಅವನ ತಟ್ಟೆಯಲ್ಲಿ ಏನೂ ಇರಲಿಲ್ಲ. ತಿಂದು ಮುಗಿಸಿದ ತಟ್ಟೆಯಲ್ಲ ಅದು, ಏನೂ ಬಡಿಸದೇ ಇದ್ದ ತಟ್ಟೆ.

"ಕೂತ್ಕೋ," ಅಂದಳು ತರೈವಿನಿ. ಆಮೇಲೆ ತಾನೇ ಪಾತ್ರೆಯ ಮುಚ್ಚಳ ತೆಗೆದಳು. ನಿಂಬೆ ಎಲೆ ಹಾಕಿ ಕುದಿಸಿದ ನೀರು ಹಬೆಯಾಡುತ್ತಿತ್ತು. "ಉಣ್ಣು."

ಎರೋನಿ ಚಮಚವನ್ನು ಸದ್ದಾಗದಂತೆ ತಟ್ಟೆಯ ಪಕ್ಕದಲ್ಲಿ ಇಟ್ಟ. ಹಿಂದಿನ ವರ್ಷ ಊರಸಭೆಯಲ್ಲಿ ಅವನು, ಸಾಮೂಹಿಕ ತೋಟದ ಕೆಲಸಕ್ಕೆ ನಾನು ಬರುವುದಿಲ್ಲ, ನನ್ನ ತೋಟ ನನಗೆ ಸಾಕು, ನಾನು ಯಾರ ಬಾಗಿಲಿಗೂ ಕೈಯೊಡ್ಡುವವನಲ್ಲ ಎಂದು ಎದ್ದುಹೋಗಿದ್ದು ಉನೈಸಿಗೆ ನೆನಪಾಯಿತು. ಆಮೇಲೆ ಅವನ ಕಾಲಿಗೆ ಪೆಟ್ಟಾಯಿತು. ಗುಡ್ಡದ ಮೇಲಿನ ಅವನ ಗೆಣಸಿನ ತೋಟಕ್ಕೆ ಕಾಡುಹಂದಿ ನುಗ್ಗಿತು ಎಂದೂ ಯಾರೋ ಅಂದಿದ್ದರು. ಅಂದವರೂ ಮರೆತಿದ್ದರು, ಕೇಳಿದವಳೂ ಮರೆತಿದ್ದಳು.

"ಯಾವಾಗಿಂದ ತರಾ?"

"ಬೆಳಿಗ್ಗೆ ಹಸಿ ಪಪ್ಪಾಯ ಬೇಯಿಸ್ಕೊಳ್ತೀವಿ. ಸಾಯೋದಿಲ್ಲ ಬಿಡು."

"ಪಕ್ಕದಲ್ಲೇ ಇದ್ದೀನಲ್ಲೇ. ನಾನು ಕರೆದಾಗ ಬರಬಾರದಿತ್ತಾ?"

"ನೀನು ಕರೆದೆ. ನಾನು ಆಯ್ತು ಅಂದೆ. ನೀನು ನಂಬಿದೆ. ಇವತ್ತೂ ಹಾಗೇ ಆಯ್ತು ಅಂತ ಹೋಗೋಕೆ ಏನಾಗಿತ್ತು ನಿಂಗೆ?" ತರೈವಿನಿಯ ದನಿ ಏರಲಿಲ್ಲ, ಅದೇ ಹೆದರಿಕೆ ಹುಟ್ಟಿಸಿತು. "ನಾನು ಕರೆಯೋದು ನೀವು ಯಾರೂ ಬರಲ್ಲ ಅನ್ನೋ ಧೈರ್ಯದ ಮೇಲೆ. ಈ ಮನೇಲಿ ಉಳಿದಿದ್ದು ಅದೊಂದೇ. ನಿನ್ನ ಬಾಯಿ ಚೊಕ್ಕ ಮಾಡ್ಕೊಳ್ಳೋಕೆ ನನ್ನ ಮನೆ ಚಾಪೇನೇ ಬೇಕಿತ್ತಾ ಅತ್ತಿಗೆ?"

ಉನೈಸಿ ಏನೋ ಹೇಳಲು ಹೋದಳು.

"ಯಾರ ಹತ್ರಾನಾದ್ರೂ ಬಾಯಿ ಬಿಟ್ಟರೆ ನನ್ನ ಪಾಲಿಗೆ ನೀನು ಸತ್ತೆ," ಅಂದಳು ತರೈವಿನಿ. ಉನೈಸಿ ಹೊರಗೆ ಬಂದ ಮೇಲೆ ಬಾಗಿಲು ಹಾಕಿಕೊಂಡಳು. ಊಟದ ಹೊತ್ತಿಗೆ ಬಾಗಿಲು ಹಾಕಿಕೊಳ್ಳುವುದನ್ನು ನಮ್ಮೂರು ನೋಡಿರಲಿಲ್ಲ. ಮುಂಡುಗದ ಹೊರೆ ಮತ್ತೆ ಹೊತ್ತುಕೊಳ್ಳುತ್ತಿದ್ದ ಉನೈಸಿಯನ್ನು ದಾರಿಯ ಆಚೆಯಿಂದ ಅಪಕುಕಿ ಕಣ್ಣರಳಿಸಿ ನೋಡುತ್ತಿದ್ದ.

ಉನೈಸಿಗೆ ಅವತ್ತು ನಾಚಿಕೆಯಾಯಿತು. ತಾನು ಸತ್ಯವನ್ನು ಹಿಡಿದುಕೊಂಡು ಹೋದದ್ದೇನೋ ನಿಜ, ಮಗು ಹೊಸ ಚೂರಿ ಹಿಡಿದುಕೊಂಡು ಮನೆಯೆಲ್ಲ ಓಡಾಡಿದ ಹಾಗೆ ಹೋಗಿದ್ದೆ ಅನ್ನಿಸಿತು. ಮರುದಿನ ಸಾಮೂಹಿಕ ತೋಟದವರಲ್ಲಿ ಕೇಳಿ ತಂದ ಗೆಣಸನ್ನು ಬುಟ್ಟಿಯಲ್ಲಿ ತುಂಬಿ ತರೈವಿನಿಯ ಹೊಸ್ತಿಲಲ್ಲಿ ಇಟ್ಟು ಬಂದಳು. ಮಧ್ಯಾಹ್ನದೊಳಗೆ ಬುಟ್ಟಿ ಅವಳ ಹೊಸ್ತಿಲಿಗೇ ವಾಪಸ್ ಬಂದಿತ್ತು. ಒಂದು ಗೆಣಸೂ ಆಚೀಚೆ ಆಗಿರಲಿಲ್ಲ.

ಭಾನುವಾರ ಸಂಜೆ ಮರದ ಡೋಲು ಬಡಿದು ಎಲ್ಲರನ್ನೂ ಸಾಕ್ಷಿಕೂಟಕ್ಕೆ ಕರೆದರು. ವಾರದಲ್ಲಿ ದೇವರು ತಮ್ಮಲ್ಲಿ ಏನು ಮಾಡಿದ ಎಂದು ಬೇಕಾದವರು ಎದ್ದು ಹೇಳುವ ಪದ್ಧತಿ. ಪಾಪ, ಫಿಲಿಮೋನೆಗೆ ಏನೂ ಗೊತ್ತಿರಲಿಲ್ಲ. ತನ್ನ ಬೋಧನೆ ಒಬ್ಬರ ಮೇಲಾದರೂ ಕೆಲಸ ಮಾಡಿತಲ್ಲ ಎಂಬ ಸಂತೋಷದಲ್ಲಿ, "ನಿಜವಾದ ಮಾತಿನ ಬಗ್ಗೆ ಉನೈಸಿಯಮ್ಮ ಸಾಕ್ಷಿ ಹೇಳಬೇಕು" ಅಂದ. ಉನೈಸಿ ಎದ್ದು ನಿಂತಳು. ಅವಳು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಅಪಕುಕಿಯ ದನಿ ಬಂತು.

"ಮೊದಲು ಇದು ಹೇಳಮ್ಮ. ಗುರುವಾರ ತರೈವಿನಿ ಕರೆದಾಗ ನೀನು ಒಳಗೇ ಹೋದೆಯಲ್ಲ. ಏನು ಉಂಡೆ?"

ಜನ ನಕ್ಕರು. ಮುದುಕ ಕೆಟ್ಟವನಲ್ಲ, ಮೂರು ದಿನದಿಂದ ಅವನ ಹೊಟ್ಟೆಯಲ್ಲಿ ಆ ಪ್ರಶ್ನೆ ಕುದಿಯುತ್ತಿತ್ತು. ಊರಿಗೆಲ್ಲ ಕುದಿಯುತ್ತಿತ್ತು. ಹೆಂಗಸರ ಸಾಲಿನಲ್ಲಿ ಗೋಡೆಗೆ ಒರಗಿ ಕುಳಿತಿದ್ದ ತರೈವಿನಿ ತಲೆ ಎತ್ತಲಿಲ್ಲ. ಅವಳ ಕೈಬೆರಳುಗಳು ಚಾಪೆಯ ಅಂಚನ್ನು ಬಿಗಿಯಾಗಿ ಹಿಡಿದಿದ್ದವು.

ಉನೈಸಿ ಒಮ್ಮೆ ಬೋಧಕನ ಮುಖ ನೋಡಿದಳು, ಒಮ್ಮೆ ನಾದಿನಿಯ ನೆತ್ತಿ ನೋಡಿದಳು. ಹೇಳುವುದಿಲ್ಲ ಅಂದರೂ ಹೇಳಿದಂತೆಯೇ ಆಗುತ್ತದೆ, ಇಷ್ಟು ಚಿಕ್ಕ ಊರಿನಲ್ಲಿ ಸುಮ್ಮನಿರುವುದೂ ಒಂದು ಮಾತೇ. ಊರೆಲ್ಲ ನಕ್ಕರೂ ಬಿಡದೆ ಹಿಡಿದುಕೊಂಡು ಬಂದದ್ದನ್ನು, ದೇವರ ಮನೆಯಲ್ಲೇ ನಿಂತು ಅವಳು ಕೈಬಿಟ್ಟಳು.

"ಮೀನು," ಅಂದಳು.

"ಯಾವ ಮೀನು?"

ಹುಟ್ಟಿದಾಗಿನಿಂದ ಮೀನು ತಿಂದವಳಿಗೆ ಒಂದು ಮೀನಿನ ಹೆಸರೂ ನಾಲಿಗೆಗೆ ಬರಲಿಲ್ಲ. "ಮೀನು... ದೊಡ್ಡದು. ತೆಂಗಿನಹಾಲಲ್ಲಿ ಬೇಯಿಸಿದ್ದು."

"ಗುರುವಾರ ಒಂದು ದೋಣೀನೂ ಹೊರಟಿರಲಿಲ್ಲವಲ್ಲಮ್ಮ," ಅಂದ ಅಪಕುಕಿ, ನಿಜವಾಗಿಯೂ ಗೊಂದಲಗೊಂಡು.

ಉನೈಸಿ ಇನ್ನೂ ಏನೋ ಸೇರಿಸಲು ಹೊರಟಿದ್ದಳು, ಕಣ್ಣಲ್ಲಿ ನೀರು ತುಂಬಿತ್ತು.

"ಸಾಕು, ಕೂತ್ಕೋ ಅತ್ತಿಗೆ," ಎಂದು ತರೈವಿನಿ ಎದ್ದಳು. "ಇವಳಿಗೆ ಸುಳ್ಳು ಹೇಳೋಕೆ ಬರಲ್ಲ, ನೋಡೋಕಾಗ್ತಿಲ್ಲ ನಂಗೆ. ಮೀನೂ ಇಲ್ಲ, ಮಣ್ಣೂ ಇಲ್ಲ. ನಿಂಬೆ ಎಲೆ ನೀರು ಕಾಯಿಸಿದ್ದೆ, ಅದನ್ನೂ ಇವಳು ಕುಡೀಲಿಲ್ಲ. ಸುಮಾರು ದಿನದಿಂದ ನಮ್ಮನೇಲಿ ಸಂಜೆ ಒಲೆ ಮೇಲೆ ಇರೋದು ಅಷ್ಟೇ. ನಿಮ್ಮನ್ನೆಲ್ಲ ಕರೀತಿದ್ನಲ್ಲ, ಬರೀ ತಟ್ಟೆ ಕೆರ್ಕೊಂಡು ಕರೀತಿದ್ದೆ."

ಎರೋನಿ ಗೋಡೆ ಹಿಡಿದು ಕಷ್ಟಪಟ್ಟು ಎದ್ದ. "ಸಭೇಲಿ ಆ ದೊಡ್ಡ ಮಾತು ಆಡಿದವನು ನಾನು. ಅವಳಲ್ಲ. ಅವಳು ಆ ಮಾತನ್ನ ಕಾಪಾಡ್ತಾ ಇದ್ದಳು, ಅಷ್ಟೇ."

ಫಿಲಿಮೋನೆ ಏನಾದರೂ ಬೋಧನೆಯ ಮಾತು ಹೇಳುತ್ತಾನೆ ಎಂದು ಎಲ್ಲರೂ ಅವನ ಕಡೆ ನೋಡಿದರು. ಅವನು, "ಆ ದಾರೀಲಿ ನಾನೂ ದಿನಾ ಹೋಗ್ತೀನಿ," ಎಂದಷ್ಟೇ ಹೇಳಿ ತಲೆ ತಗ್ಗಿಸಿದ. ಆಮೇಲೆ ಊರ ಮುಖ್ಯಸ್ಥರು ಸಾಮೂಹಿಕ ತೋಟದಲ್ಲಿ ಎರೋನಿಯ ಪಾಲು ಯಾವತ್ತೂ ಇದ್ದೇ ಇದೆ, ಕಾಲು ಸರಿಯಾದ ಮೇಲೆ ಕೆಲಸಕ್ಕೆ ಬಂದರಾಯಿತು, ನಮ್ಮನ್ನು ಬೈದುಕೊಂಡಾದರೂ ಬರಲಿ ಅಂದರು. ಪ್ರಾರ್ಥನೆ ಬೇಗ ಮುಗಿಯಿತು.

ಹೊರಗೆ ಉನೈಸಿ ನಾದಿನಿಯ ಹತ್ತಿರ ಹೋಗಿ ನಿಂತಳು. "ಮನೇಲಿ ಗೆಣಸಿದೆ. ತೆಂಗಿನಹಾಲಲ್ಲಿ ಕೆಸುವಿನ ಸೊಪ್ಪು ಬೇಯಿಸಿಟ್ಟು ಬಂದಿದ್ದೀನಿ. ಮೂವರಿಗೂ ಆಗುತ್ತೆ."

"ನಮ್ದಾ..." ಎಂದು ತರೈವಿನಿಯ ನಾಲಿಗೆ ತಾನಾಗಿಯೇ ಶುರುಮಾಡಿ ಅಲ್ಲೇ ನಿಂತಿತು. ಅಷ್ಟರಲ್ಲಿ ಎರೋನಿ ಕುಂಟುತ್ತ ಉನೈಸಿಯ ಮನೆಯ ದಾರಿ ಹಿಡಿದಾಗಿತ್ತು. ಅವನ ಬೆನ್ನು ನೋಡಿ ತರೈವಿನಿಯೂ ಹಿಂದೆ ನಡೆದಳು.

ಊಟಕ್ಕೆ ಕುಳಿತರು. ಎರೋನಿ ಬಗ್ಗಿಸಿದ ತಲೆ ಎತ್ತದೆ ಉಂಡ. ತರೈವಿನಿ ಮೊದಲು ನಿಧಾನಕ್ಕೆ, ಆಮೇಲೆ ಬೇಗ ಬೇಗ ಉಂಡಳು. ಅವಳು ಉಣ್ಣುವುದನ್ನೇ ನೋಡುತ್ತಿದ್ದ ಉನೈಸಿಗೆ ತಡೆಯಲಾಗಲಿಲ್ಲ.

"ನನ್ನ ಮೇಲೆ ಸಿಟ್ಟಿದೆಯಾ ತರಾ?"

ಈ ಪ್ರಶ್ನೆಗೆ ನಮ್ಮಲ್ಲಿ ಇರುವುದು ಒಂದೇ ಉತ್ತರ. ಛೆ, ಎಲ್ಲಿಯ ಸಿಟ್ಟು, ಬಿಡು ಅನ್ನಬೇಕು. ತರೈವಿನಿ ಬಾಯಲ್ಲಿದ್ದ ಸೊಪ್ಪನ್ನು ನುಂಗಿ, ಅತ್ತಿಗೆಯ ಮುಖವನ್ನು ನೇರವಾಗಿ ನೋಡಿದಳು.

"ಹೂಂ, ಇದೆ," ಅಂದಳು. "ತುಂಬಾ ಇದೆ."

ಆಮೇಲೆ ತಟ್ಟೆಯನ್ನು ಮುಂದಕ್ಕೆ ತಳ್ಳಿದಳು. "ಇನ್ನೊಂದು ತುಂಡು ಹಾಕು."